ಕಲ್ಲಿನ ಬಲಭಾಗ

ಮಾರಿಸ್‌ಟೌನ್, ನ್ಯೂಜೆರ್ಸಿ
೮ ಮಾರ್ಚ್ ೨೦೨೫

ಚಿತ್ರಾ, ವಿಚಿತ್ರಾ, ನನ್ನ ಒಬ್ಬಳೇ ತಂಗಿ,

ಬಂತು! ನಿನ್ನ ಗಂಡನ ಕಲ್ಲು ಕೊನೆಗೂ ಬಂತು! ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ನಿನಗೆ ಫೋನ್ ಮಾಡಿದರೆ ದೇವಮ್ಮಕ್ಕ ಸ್ಪೀಕರ್ ಹಾಕುತ್ತಾಳೆ. ಅರ್ಧ ಸರಸ್ವತಿಪುರಂ ನನ್ನ ಮಾತು ಕೇಳಿಸಿಕೊಳ್ಳುತ್ತದೆ, ಇನ್ನರ್ಧಕ್ಕೆ ಅಕ್ಕ ಸಂಜೆ ವಾಕಿಂಗ್‌ನಲ್ಲಿ ಹಂಚುತ್ತಾಳೆ. ಆದ್ದರಿಂದ ಕಾಗದ.

ನೆಲ ಹೆಪ್ಪುಗಟ್ಟಿದೆ ಅಂತ ಡಿಸೆಂಬರ್‌ನಿಂದ ಮುಂದಕ್ಕೆ ಹಾಕುತ್ತಲೇ ಇದ್ದರು. ಹೋದ ಮಂಗಳವಾರ ಕಲ್ಲು ನಿಲ್ಲಿಸಿದರಂತೆ. ನಿನ್ನೆ ಮಾಳವಿಕಾಳಿಗೆ ದುಂಬಾಲು ಬಿದ್ದು ಕಾರಿನಲ್ಲಿ ಹೋದೆ. ನನ್ನ ಮಗಳು ಗೊತ್ತಲ್ಲ, ಸ್ಮಶಾನದ ಗೇಟಿನಲ್ಲೂ ಅವಳಿಗೆ ಆಫೀಸ್ ಮೀಟಿಂಗ್. "ಅಪ್ಪ, ಯು ಗೋ. ಐ ಆಮ್ ಆನ್ ಮ್ಯೂಟ್" ಅಂದಳು. "ಇಲ್ಲಿರೋರೆಲ್ಲ ಮ್ಯೂಟೇ ಕಣಮ್ಮ" ಅಂದು ಒಳಗೆ ನಡೆದೆ.

ಕರೀ ಕಲ್ಲು, ಕನ್ನಡಿಯ ಹಾಗೆ ಹೊಳೆಯುತ್ತದೆ. ಉಕ್ರೇನಿನವರ ಪದ್ಧತಿಯಂತೆ ಮುಖವನ್ನೇ ಕೆತ್ತಿದ್ದಾರೆ. ಕಂಬಳಿಹುಳದಂಥ ಆ ಹುಬ್ಬು ಕೂಡ ಬಿಟ್ಟಿಲ್ಲ. ಎದುರು ನಿಂತರೆ ಅವನ ಹಣೆಯ ಮೇಲೆ ನನ್ನ ಬೋಳುತಲೆ ಕಾಣಿಸುತ್ತಿತ್ತು. "ಏನಪ್ಪಾ ಓರೆಸ್ತ್, ಜೀವಮಾನವಿಡೀ ಅಡುಗೆಮನೆ ಕಟ್ಟೆ ಒರೆಸ್ತಾ ಇದ್ದೆ, ಈಗ ಇದನ್ನೂ ಒರೆಸು" ಅಂದೆ. ಅವನು ನಗಲಿಲ್ಲ. ಬದುಕಿದ್ದಾಗಲೂ ನನ್ನ ಈ ಜೋಕಿಗೆ ಅವನು ನಕ್ಕವನಲ್ಲ.

೯೩ರಲ್ಲಿ ಅವನನ್ನು ಮೊದಲ ಸಲ ಊಟಕ್ಕೆ ಕರೆದದ್ದು ನೆನಪಿದೆಯಾ? ಅಮ್ಮ ಮೈಸೂರಿನಿಂದ ಬಂದಿದ್ದರು. ಟೆರ್ನೋಪಿಲ್‌ನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದ ಈ ಆಸಾಮಿ ಇಲ್ಲಿಗೆ ಬಂದು ಲಿಫ್ಟ್ ರಿಪೇರಿ ಮಾಡುತ್ತಾನೆ ಅಂತ ಅಮ್ಮನಿಗೆ ಮುಖ ಸಣ್ಣದಾಗಿತ್ತು. ನಾನು ಅವನ ಕಿವಿಯಲ್ಲಿ, "'ಇನ್ನೊಂದು ಮುದ್ದೆ ಹಾಕಿ' ಅಂದರೆ 'ಊಟ ಚೆನ್ನಾಗಿತ್ತು, ಸಾಕು' ಅಂತ ಅರ್ಥ" ಅಂದೆ. ಪಾಪ, ಸಾಕು ಅನ್ನುತ್ತಿದ್ದೇನೆ ಅಂದುಕೊಂಡೇ ಐದು ಮುದ್ದೆ ತಿಂದ. ಅಮ್ಮ ಅವತ್ತೇ ಒಪ್ಪಿಬಿಟ್ಟರು. ಮುಂದಿನ ವಾರ ಅವನು "ನಮ್ಮೂರ ಎಳನೀರು ಭಾವ" ಅಂತ ಒಂದು ಲೋಟ ಕೊಟ್ಟ. ಸೌತೆಕಾಯಿ ಉಪ್ಪಿನಕಾಯಿಯ ನೀರು! ಹೀಗೆ ಮೂವತ್ತು ವರ್ಷ ಭಾವ ಭಾವ ಅಂತ ಕಾಡಿದವನು. ಈಗ ಈ ಭಾವನಿಗೆ ಅವನದೇ ಅಭಾವ.

ಫೋಟೋ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಲಕೋಟೆ ಚಿಕ್ಕದಾಯಿತು, ಅಂಚು ಸ್ವಲ್ಪ ಕತ್ತರಿಸಿದೆ.

ಇನ್ನು ನಿನ್ನ ವಿಷಯ. ಮಂಡಿ ಆಪರೇಷನ್‌ಗೆ ಅಂತ ಹೋದವಳು ಒಂಬತ್ತು ತಿಂಗಳಾಯಿತು. ಬೇಗ ಬಾ. ಆದರೆ ಏಪ್ರಿಲ್‌ನಲ್ಲಿ ಬೇಡ, ಇಲ್ಲಿ ಚಳಿ. ಆಗಸ್ಟ್‌ನಲ್ಲಿ ಬಾ. ಸ್ಮಶಾನಕ್ಕೆ ಆಮೇಲೆ ನಿಧಾನವಾಗಿ ಹೋದರಾಯಿತು. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಪರಾಜಯರಾಮು

•

ಸರಸ್ವತಿಪುರಂ, ಮೈಸೂರು
೨೦ ಮಾರ್ಚ್ ೨೦೨೫

ಜಯಣ್ಣ,

ಕಾಗದ ಬಂತು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ. ಹುಬ್ಬು ಅವರದ್ದೇ. ಬಾಯಿ ಮಾತ್ರ ಸ್ವಲ್ಪ ಬಿಗಿಯಾಗಿದೆ, ಹಲ್ಲಿನ ಡಾಕ್ಟರ ಹತ್ತಿರ ಕೂತ ಹಾಗೆ.

ಅಂಚು "ಸ್ವಲ್ಪ" ಕತ್ತರಿಸಿದೆ ಅಂತೀಯ. ಅರ್ಧ ಕಲ್ಲೇ ಹೋಗಿದೆಯಲ್ಲೋ! ಬಲಗಡೆ ಏನಿದೆ? ಮರ ಅಡ್ಡ ಇತ್ತೇ? ಬೇರೆ ಯಾರಾದರೂ ನಿಂತಿದ್ದರೇ? ಆಗಸ್ಟ್‌ನವರೆಗೆ ಬರಬೇಡ ಅನ್ನುವವನು, ಹೋದ ತಿಂಗಳಷ್ಟೇ "ನಾಳೆಯೇ ಫ್ಲೈಟ್ ಹತ್ತು" ಅಂದಿದ್ದೆ. ಏನೋ ಮುಚ್ಚಿಡುತ್ತಿದ್ದೀಯ. ನೀನು ಸುಳ್ಳು ಹೇಳುವಾಗ ಹವಾಮಾನದ ಮಾತು ಆಡುತ್ತೀಯ ಅಂತ ನನಗೆ ಆರು ವರ್ಷದವಳಿದ್ದಾಗಿನಿಂದ ಗೊತ್ತು.

ಇಲ್ಲಿ ದೇವಮ್ಮಕ್ಕ ನನಗೊಂದು ರೂಮು ಮಾಡಿಕೊಟ್ಟಿದ್ದಾಳೆ. ದಿನವೂ ಅದೇ ಮಾತು: "ಅಲ್ಲಿ ಯಾರಿದ್ದಾರೆ ನಿನಗೆ? ಅವನಂತೂ ಹೋದ. ಮಗಳು ಅವನಿ ಫ್ಲೋರಲ್ ಪಾರ್ಕ್‌ನಲ್ಲಿ ತನ್ನ ಸಂಸಾರ ನೋಡ್ಕೋತಾಳೆ. ಬ್ರಿಡ್ಜ್‌ವಾಟರ್ ಮನೆ ಮಾರು, ಇಲ್ಲೇ ಇದ್ದುಬಿಡು." ತಪ್ಪು ಮಾತಲ್ಲ. ಆ ಮನೆಗೆ ಒಬ್ಬಳೇ ಬೀಗ ತೆಗೆದು ಒಳಗೆ ಹೋಗುವುದನ್ನು ನೆನೆದರೆ ನನಗೇ ಧೈರ್ಯ ಸಾಲುವುದಿಲ್ಲ. ಆದರೆ ಅವರಿಲ್ಲಿ ಯಾವ ಗೋಡೆಯ ಮೇಲೂ ಇಲ್ಲ. ಅಲ್ಲಿ, ದೇವರ ಮನೆಯಲ್ಲಿ ಕೂಡ ಇದ್ದಾರೆ. ಮದುವೆಯಾದ ಹೊಸತರಲ್ಲಿ ನಮ್ಮ ವೆಂಕಟರಮಣನ ಪಟ ನೋಡಿ, "ದೇವರಿಗೆ ಚಳಿ ಆಗಲ್ವಾ ಅಮ್ಮ?" ಅಂತ ಕೇಳಿದ್ದರು. ಅವರಮ್ಮ ಕಸೂತಿ ಹಾಕಿದ್ದ ಉದ್ದನೆಯ ಟವೆಲ್ ತಂದು, ಅವರೂರಲ್ಲಿ ದೇವರ ಪಟಕ್ಕೆ ಹೊದಿಸುವ ಹಾಗೆ, ಪಟದ ಮೇಲಿಂದ ಎರಡೂ ಕಡೆ ಇಳಿಬಿಟ್ಟಿದ್ದರು. ನಾನು ಅಮ್ಮನ ಜೊತೆ ಫೋನ್‌ನಲ್ಲಿ ಆಡುವ ಮಾತು ಕೇಳಿ ಕೇಳಿ ಕನ್ನಡ ಕಲಿತವರು. ಅದಕ್ಕೇ ಅಂಗಡಿಯವನಿಗೂ, ಅಳಿಲಿಗೂ, ಪೊಲೀಸಿನವನಿಗೂ "ಬರ್ತೀನಮ್ಮ" ಅನ್ನುತ್ತಿದ್ದರು.

ಅವನಿಯನ್ನು ಶನಿವಾರ ಉಕ್ರೇನಿಯನ್ ಸ್ಕೂಲಿಗೆ, ಭಾನುವಾರ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದವರೂ ಅವರೇ. "ಐ ಆಮ್ ಅಮೆರಿಕನ್ ಓನ್ಲಿ ಆನ್ ವೀಕ್‌ಡೇಸ್" ಅಂತ ಅವಳು ಅಳುತ್ತಿದ್ದಳು. ಕ್ಲಾಸ್ ಮುಗಿಯುವವರೆಗೆ ಆ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು ಇವರೂ ಕಾಗುಣಿತ ತಿದ್ದುತ್ತಿದ್ದರು.

ನಾನು ಏಪ್ರಿಲ್‌ನಲ್ಲೇ ಬರುತ್ತೇನೆ, ಜಯಣ್ಣ. ಅವರ ಈಸ್ಟರ್ ಆದ ಮುಂದಿನ ಭಾನುವಾರ, ೨೭ಕ್ಕೆ, ಎಲ್ಲರೂ ಸಮಾಧಿಗಳ ಹತ್ತಿರ ಊಟ ಕಟ್ಟಿಕೊಂಡು ಹೋಗುತ್ತಾರೆ. ನಾನು ಕಲ್ಲಿನೆದುರು ನಿಲ್ಲಬೇಕು. ಇದ್ದುಬಿಡುವುದು ಅಲ್ಲೋ ಇಲ್ಲೋ ಅಂತ ನಿಂತಾಗಲೇ ಗೊತ್ತಾಗುವುದು.

ಬಲಗಡೆ ಏನಿದೆ ಅಂತ ಬರೆ.

ಚಿತ್ರಾ

•

ಮಾರಿಸ್‌ಟೌನ್
೩೦ ಮಾರ್ಚ್ ೨೦೨೫, ಯುಗಾದಿ

ಚಿತ್ರಾ,

ಬೇವು ಬೆಲ್ಲ ತಿಂದೆ. ಮಾಳವಿಕಾ ಬೆಲ್ಲದ ಬದಲು ಮೇಪಲ್ ಸಿರಪ್ ಹಾಕಿದ್ದಳು. ಬಲಗಡೆ ಏನಿದೆ ಅಂತ ಕೇಳಿದ್ದೀಯ. ಬಲಗಡೆ ಒಂದು ಪೈನ್ ಮರ ಇದೆ. ಅದರ ನೆರಳು ಕಲ್ಲಿನ ಮೇಲೆ ಬಿದ್ದು ಫೋಟೋ ಕಪ್ಪಾಗಿತ್ತು. ಇಲ್ಲಿ ಈಗ ಮೋಡವೂ ಜಾಸ್ತಿ.

ಸುಳ್ಳು. ನೀನು ಹೇಳಿದ್ದು ನಿಜ, ಹವಾಮಾನ ಬಂದೇಬಿಟ್ಟಿತು. ಈ ಹಬ್ಬದ ದಿನ ಹೇಳಿಬಿಡುತ್ತೇನೆ. ಕೂತುಕೊಂಡು ಓದು, ನೀರಿನ ಲೋಟ ಹತ್ತಿರವಿರಲಿ.

ಕಲ್ಲಿನ ಬಲಭಾಗದಲ್ಲಿ ನಿನ್ನ ಹೆಸರಿದೆ. ಕನ್ನಡದಲ್ಲಿ. ಚಿತ್ರಾ, ೧೯೫೭, ಪಕ್ಕದಲ್ಲೊಂದು ಗೆರೆ. ಗೆರೆಯ ಆಚೆ ಖಾಲಿ.

ಅವತ್ತು ನನ್ನ ಕಾಲು ಅಲ್ಲಿಯೇ ಹೂತುಹೋಯಿತು. ಬದುಕಿರುವ ನನ್ನ ತಂಗಿಯ ಹೆಸರು ಗೋರಿಯ ಮೇಲೆ! ನಿನ್ನ ಮಗಳಿಗೆ ಫೋನ್ ಮಾಡಿ, "ಅಮ್ಮನಿಗೆ ಕಲ್ಲಿನ ಫೋಟೋ ಕಳಿಸ್ಬೇಡಮ್ಮ" ಅಂದೆ. "ಶೂರ್ ಮಾವ, ಐ ನೋ" ಅಂದಳು, ಏನು ಗೊತ್ತೋ. ಕೆತ್ತುವವರಿಗೆ ಯಾರೋ ತಪ್ಪು ಕಾಗದ ಕೊಟ್ಟಿದ್ದಾರೆ ಅಂತಲೇ ತೀರ್ಮಾನಿಸಿದೆ. ಅಕ್ಷರ ಮಾತ್ರ ಮುದ್ದಾಗಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನೀನು ಇದನ್ನು ನೋಡಿದರೆ ಅಲ್ಲಿಂದಲೇ ನೇರ ಏರ್‌ಪೋರ್ಟಿಗೆ, ಅಲ್ಲಿಂದ ದೇವಮ್ಮಕ್ಕನ ರೂಮಿಗೆ ಅಂತ ನನಗೆ ಖಾತ್ರಿಯಾಯಿತು. ಅದಕ್ಕೇ ಕತ್ತರಿ. ಅದಕ್ಕೇ ಆಗಸ್ಟ್. ಅಷ್ಟರಲ್ಲಿ ಏನಾದರೂ ಮಾಡೋಣ ಅಂತ.

ಏನು ಮಾಡಿದೆ ಗೊತ್ತಾ? ನಿನ್ನೆ ಇಂಡಿಯನ್ ಅಂಗಡಿಯಿಂದ ಒಂದು ಬೂದುಗುಂಬಳ ತಂದೆ. ತೂತು ಕೊರೆದು ಕುಂಕುಮದ ನೀರು ತುಂಬಿದೆ. ಮಾಳವಿಕಾ ಕಾರಿನಲ್ಲಿ ಮ್ಯೂಟ್ ಆಗಿದ್ದಳು. ನಿನ್ನ ಹೆಸರಿಗೆ ಮೂರು ಸಲ ಇಳಿತೆಗೆದು, ಕೆಟ್ಟ ದೃಷ್ಟಿಯೆಲ್ಲ ಹೋಗಲಿ ಅಂತ ಬಲವಾಗಿ ಎತ್ತಿ ಹಾಕಿದೆ. ಸಿಡಿಯಿತು ನೋಡು! ಕೆಂಪು ನೀರು ಪಕ್ಕದ ಗೋರಿಗೆಲ್ಲ ಅಭಿಷೇಕ. ಹಿಂದಿನಿಂದ ಯಾರೋ ಕಿರುಚಿದರು. ತಿರುಗಿದರೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಒಬ್ಬ ಅಜ್ಜಿ, ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನ್.

"ಹೂ ಡೈಡ್?" ಅಂದಳು.

"ಪಂಪ್‌ಕಿನ್" ಅಂದೆ.

ಅಜ್ಜಿಗೆ ಸಮಾಧಾನವಾದಂತೆ ಕಾಣಲಿಲ್ಲ. ಕ್ಷಮೆ ಕೇಳಿ, ಕರ್ಚೀಫಿನಿಂದ ಪಕ್ಕದ ಕಲ್ಲು ಒರೆಸತೊಡಗಿದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಸ್ಟೆಫಾನಿಯಾ, ೧೯೪೧ ಅಂತಿತ್ತು. "ಪಾಪ, ಯಾರಿವರು? ನಿಮಗೆ ಬೇಕಾದವರಾ?" ಅಂತ ಕೇಳಿದೆ.

"ನಾನೇ" ಅಂದಳು.

ಚಿತ್ರಾ, ಎಪ್ಪತ್ತು ದಾಟಿದ ನಾನು, ಜನರನ್ನು ಹೆದರಿಸುವುದನ್ನೇ ಕಸುಬು ಮಾಡಿಕೊಂಡವನು, ಹನುಮಾನ್ ಚಾಲೀಸಾದ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ನಕ್ಕು ನಕ್ಕು ಕ್ಯಾನ್ ಕೆಳಗಿಟ್ಟಳು. ಆಮೇಲೆ ನನ್ನ ತೋಳು ಹಿಡಿದು ಸಾಲಿನುದ್ದಕ್ಕೂ ಕರೆದುಕೊಂಡು ಹೋಗಿ ತೋರಿಸಿದಳು. "ಇವಳು ಬದುಕಿದ್ದಾಳೆ, ಫ್ಲೋರಿಡಾದಲ್ಲಿ. ಇವನು ಬದುಕಿದ್ದಾನೆ, ಎರಡನೇ ಮದುವೆ ಬೇರೆ ಆಗಿದೆ, ಕಲ್ಲಿಗೆ ಇನ್ನೂ ಗೊತ್ತಿಲ್ಲ." ಗಂಡನೋ ಹೆಂಡತಿಯೋ ಒಬ್ಬರು ಹೋದಾಗ ಇನ್ನೊಬ್ಬರ ಹೆಸರನ್ನೂ ಜೊತೆಗೇ ಕೆತ್ತಿಸುವುದು ಅವರಲ್ಲಿ ಮಾಮೂಲಂತೆ. ಪ್ರತಿ ವಾರ ಬಂದು ಅವಳೇ ತನ್ನ ಹೆಸರು ತೊಳೆಯುತ್ತಾಳಂತೆ. "ನಾನಿರೋವಾಗ್ಲೇ ಇಷ್ಟು ಧೂಳು, ಹೋದ ಮೇಲೆ ಯಾರು ನೋಡ್ತಾರೆ?" ಅಂದಳು. ನಿನ್ನ ಗಂಡ ಅವಳಿಗೆ ಗೊತ್ತು. ಚರ್ಚಿನ ಲಿಫ್ಟ್ ಕೆಟ್ಟಾಗ ಅವಳನ್ನು ಒಳಗಿನಿಂದ ಬಿಡಿಸಿದವನು ಅವನೇ. "ಮೇಷ್ಟ್ರುಗಿರಿಗಿಂತ ಮೇಲಕ್ಕೆ ಹೋಗಿದ್ದೀನಿ, ದಿನಕ್ಕೆ ನಲವತ್ತು ಸಲ" ಅಂದಿದ್ದನಂತೆ.

ಆದ್ದರಿಂದ ಇದು ತಪ್ಪಲ್ಲ, ಅಪಶಕುನ ಅಲ್ಲ, ಅವರ ಕಡೆಯ ಪ್ರೀತಿ ಅಂತ ಈಗ ಅರ್ಥವಾಗಿದೆ. ನಿನಗೂ ಅರ್ಥವಾಗಲಿ. ಬೇಡವೆನಿಸಿದರೆ ಹೇಳು, ದೊಡ್ಡ ಹೂಕುಂಡ ತಂದು ಮುಚ್ಚುತ್ತೇನೆ. ನಿನ್ನ ಹೆಸರು ನೋಡಿ ನೀನೇ ಓಡಿಹೋಗಬೇಡ. ಬೈಯುವವರಿಲ್ಲದೆ ನನ್ನ ತರಲೆ ಕೂಡ ತುಕ್ಕು ಹಿಡಿಯುತ್ತಿದೆ.

ಜಯರಾಮು

•

ಮೈಸೂರು
೧೦ ಏಪ್ರಿಲ್ ೨೦೨೫

ಜಯಣ್ಣ!

ನಿನ್ನ ಕಾಗದ ಓದಿ ನಾನು ನಕ್ಕ ನಗುವಿಗೆ ಹೊಸ ಮಂಡಿಯೂ ನೋಯಿತು. ದೇವಮ್ಮಕ್ಕ ಓಡಿ ಬಂದು, "ಏನಾಯ್ತೇ? ಯಾರು ಹೋದ್ರು?" ಅಂದಳು. "ಕುಂಬಳಕಾಯಿ" ಅಂದೆ.

ಈಗ ನನ್ನ ಸರದಿ. ನೀನೂ ಕೂತುಕೊಂಡೇ ಓದು. ಬಲಗಡೆ ಏನಿದೆ ಅಂತ ನನಗೆ ಮೊದಲೇ ಗೊತ್ತಿತ್ತು, ನಿನ್ನ ಬಾಯಿ ಬಿಡಿಸಲಿಕ್ಕೇ ಕೇಳಿದ್ದು. ಆ ಅಕ್ಷರ ನನ್ನದು. ನಾನೇ ಕಾಗದದ ಮೇಲೆ ದಪ್ಪಗೆ ಬರೆದುಕೊಟ್ಟದ್ದನ್ನು ಅವರು ಕಲ್ಲಿಗೆ ಇಳಿಸಿದರು. ಹೈಸ್ಕೂಲಿನಲ್ಲಿ ನಿನ್ನ ಇಂಪೊಸಿಷನ್‌ಗಳನ್ನೆಲ್ಲ ಇದೇ ಕೈ ಬರೆದುಕೊಟ್ಟಿತ್ತು. ಗುರುತೇ ಹಿಡಿಯಲಿಲ್ಲವಲ್ಲೋ ಕೃತಘ್ನ!

ಅವರ ಕಾಯಿಲೆ ಗೊತ್ತಾದ ಮೇಲೆ, ೨೩ರ ಅಕ್ಟೋಬರ್‌ನಲ್ಲಿ, ಇಬ್ಬರೂ ಕಲ್ಲು ನೋಡಲು ಹೋಗಿದ್ದೆವು. ಸೀರೆ ಅಂಗಡಿಯ ಹಾಗೆ ಸಾಲಾಗಿ ಬಣ್ಣ ಬಣ್ಣದ ಸ್ಯಾಂಪಲ್. ನನಗೆ ಅಲ್ಲಿರುವುದಕ್ಕೇ ಆಗುತ್ತಿರಲಿಲ್ಲ, ಹೊರಗೆ ಬಂದುಬಿಡೋಣ ಅಂತಿದ್ದೆ. ಅವರು ಒಂದು ಕರೀ ತುಂಡು ಎತ್ತಿ, "ಇದು ಎಲ್ಲಿಂದ ಬಂತು?" ಅಂತ ಕೇಳಿದರು. ಅಂಗಡಿಯವನು ಪಟ್ಟಿ ತೆಗೆದು ಕಷ್ಟಪಟ್ಟು ಓದಿದ: "ಚಾ... ಮ... ರಾಜ್... ನಗರ್." ನಮ್ಮ ಚಾಮರಾಜನಗರ, ಜಯಣ್ಣ! ಮೈಸೂರಿನಿಂದ ಒಂದೂವರೆ ಗಂಟೆ! ಇವರು ಅಂಗಡಿಯಲ್ಲೇ ಕುಣಿದರು. "ನೋಡಮ್ಮ, ನಿಮ್ಮೂರ ಕಲ್ಲು! ನಾನು ನಿಮ್ಮ ಮನೆ ಅಳಿಯ, ನಿಮ್ಮೂರ ಕಲ್ಲಿನ ಕೆಳಗೇ ಮಲಗ್ತೀನಿ!" ಅಂಗಡಿಯವನಿಗೆ ಏನೂ ಅರ್ಥವಾಗಲಿಲ್ಲ. ಜ್ವರದಲ್ಲಿದ್ದ ಮನುಷ್ಯ ಕುಣಿಯುವುದನ್ನು ನೋಡಿ ಅವನೇ ಕುರ್ಚಿ ತಂದ. "ಹಾಗಾದರೆ ನನ್ನ ಹೆಸರೂ ಕನ್ನಡದಲ್ಲಿ ಕೆತ್ತಲಿ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅವರು ಕೇಳಿದ್ದಲ್ಲ. ನಾನೇ ಹೇಳಿದ್ದು.

"ಆದರೆ ನನ್ನನ್ನು ಸುಡಬೇಕು, ನಮ್ಮಲ್ಲಿ ಹೂಳಲ್ಲ" ಅಂದೆ. "ಒಳ್ಳೇದಾಯ್ತಮ್ಮ, ಬೂದಿಗೆ ಜಾಗ ಕಡಿಮೆ ಸಾಕು, ನಾನು ಕಾಲು ಚಾಚಬಹುದು" ಅಂದರು.

ನಿನಗೆ ಹೇಳಲಿಲ್ಲ. ಪ್ರತಿ ಹಬ್ಬಕ್ಕೂ ನನ್ನ ತಲೆ ಮೇಲೆ ಕೈಯಿಟ್ಟು "ನೂರು ವರ್ಷ ಬಾಳು" ಅನ್ನುವ ಅಣ್ಣನಿಗೆ, ಗೋರಿಯ ಮೇಲೆ ಹೆಸರು ಬರೆಸಿಕೊಂಡು ಬಂದೆ ಅಂತ ಹೇಗೆ ಹೇಳಲಿ? ಅದಕ್ಕೇ ಮಗಳಿಗೆ, ಫೋಟೋ ಯಾರಿಗೂ ಕಳಿಸಬೇಡ, ಮಾವನಿಗೆ ನಾನೇ ಹೇಳ್ತೀನಿ ಅಂದಿದ್ದೆ. ನೀನೂ ಕಳಿಸಬೇಡ ಅಂದೆಯಂತೆ. "ಇಬ್ರೂ ಒಂದೇ ಹೇಳಿದ್ರಿ, ಐ ಥಾಟ್ ಯು ಗೈಸ್ ಟಾಕ್ಡ್" ಅಂತಾಳೆ.

ಆದರೆ ಅಣ್ಣಾ, ಇನ್ನೊಂದು ಮಾತು. ಇದನ್ನು ದೇವಮ್ಮಕ್ಕನಿಗೂ ಹೇಳಿಲ್ಲ. ಅವತ್ತು ಹೇಳಿದಾಗ ಅವರು ನನ್ನ ಪಕ್ಕದಲ್ಲಿದ್ದರು, ಕುಣಿಯುತ್ತಿದ್ದರು. ಧೈರ್ಯ ಅವರದಾಗಿತ್ತು. ಈಗ ಒಬ್ಬಳೇ ಹೋಗಿ ನನ್ನ ಹೆಸರಿನೆದುರು ನಿಲ್ಲಬೇಕು. ನಿಂತಾಗ, ಇನ್ನೇನು, ಮುಂದಿನ ಕೆಲಸ ಸಾಯುವುದಷ್ಟೇ ಅಂತ ಅನಿಸಿಬಿಟ್ಟರೆ? ಹಾಗನಿಸಿದರೆ ನಾನು ಅಲ್ಲಿರಲಾರೆ. ಮನೆ ಮಾರಿ ಇಲ್ಲಿಗೇ ಬಂದುಬಿಡುತ್ತೇನೆ. ೨೪ಕ್ಕೆ ನ್ಯೂಅರ್ಕ್‌ಗೆ ಬರುತ್ತೇನೆ. ಮೇ ೬ಕ್ಕೆ ವಾಪಸ್ ಟಿಕೆಟ್ಟೂ ತೆಗೆದಿಟ್ಟಿದ್ದೇನೆ.

ಚಿತ್ರಾ

•

ಮಾರಿಸ್‌ಟೌನ್
೨೦ ಏಪ್ರಿಲ್ ೨೦೨೫

ಚಿತ್ರಾ,

ನೀನು ಬಂದು ಬೀಗ ತೆಗೆದ ಕೂಡಲೇ ಸಿಗಲಿ ಅಂತ ಇದನ್ನು ಬ್ರಿಡ್ಜ್‌ವಾಟರ್ ಮನೆಗೇ ಹಾಕುತ್ತಿದ್ದೇನೆ. ಖಾಲಿ ಮನೆಗೆ ಕಾಲಿಟ್ಟಾಗ ಯಾರಾದರೊಬ್ಬರು ಮಾತಾಡಬೇಕಲ್ಲ.

ನಾನು ಸೊಂಟ ಹಿಡಿದು ಮಲಗಿದ್ದೇನೆ. ಚಾಮರಾಜನಗರ ಅಂತ ಓದಿದ ಕೂಡಲೇ ಹಾಸಿಗೆಯಿಂದ ಹಾರಿದೆ, ಇಳಿಯುವುದು ಸರಿಹೋಗಲಿಲ್ಲ. ಡಾಕ್ಟರು ಎರಡು ವಾರ ಏಳಬೇಡಿ ಅಂದಿದ್ದಾರೆ, ಮಾಳವಿಕಾ ನನ್ನ ಬೂಟು ಬಚ್ಚಿಟ್ಟಿದ್ದಾಳೆ. ಏರ್‌ಪೋರ್ಟಿಗೂ ಬರಲಾರೆ, ೨೭ಕ್ಕೂ ಬರಲಾರೆ. ಅವನಿ ಬರುತ್ತಾಳೆ.

ಆದರೆ ನನ್ನ ಕೆಲಸ ಮುಗಿಸಿದ್ದೇನೆ. ಆ ದಿನ ಪಾದ್ರಿ ಒಂದೊಂದು ಗೋರಿಗೂ ಬಂದು ಹೆಸರು ಓದಿ ಹಾಡುತ್ತಾರಂತೆ, ಮನೆಯವರು ಮುಂಚೆಯೇ ಚೀಟಿ ಕೊಡಬೇಕಂತೆ, ನನ್ನನ್ನು ನೋಡಲು ಬಂದ ಸ್ಟೆಫಾನಿಯಾ ಹೇಳಿದಳು. ಯಾರ ಹೆಸರೂ ತಪ್ಪಿಹೋಗದಿರಲಿ ಅಂತ ಕಲ್ಲಿನ ಫೋಟೋದಲ್ಲಿರುವುದನ್ನು ಹಾಗೆಯೇ ನೋಡಿ, ಎರಡೂ ಕಡೆಯದ್ದನ್ನು, ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಬರೆದು ಅವಳ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು.

ಅಲ್ಲಿ ನಿಂತಾಗ ಭಯವಾದರೆ ಆಗಲಿ. ವಾಪಸ್ ಹೋಗುತ್ತೇನೆ ಅಂದರೂ ನಾನು ಜಗಳ ಆಡುವುದಿಲ್ಲ. ಇದನ್ನು ಬರೆಯುವುದಕ್ಕೆ ಮೂರು ಹಾಳೆ ಹರಿದು ಹಾಕಿದೆ. ಇಲ್ಲಿ ಹವಾಮಾನ ಚೆನ್ನಾಗಿದೆ.

ಜಯರಾಮು

•

ಬ್ರಿಡ್ಜ್‌ವಾಟರ್
೨೮ ಏಪ್ರಿಲ್ ೨೦೨೫

ಜಯಣ್ಣ,

ಅರ್ಧ ಗಂಟೆ ದೂರದಲ್ಲಿದ್ದೀಯ, ಆದರೂ ಕಾಗದ ಬರೆಯುತ್ತಿದ್ದೇನೆ. ಫೋನಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಇದನ್ನು ಪೂರ್ತಿ ಹೇಳಬೇಕು.

ಎಷ್ಟು ಜನ ಅಂತೀಯ! ಗೋರಿಗಳ ನಡುವೆ ಮೇಜುಬಟ್ಟೆ, ಬಣ್ಣದ ಮೊಟ್ಟೆ, ಸಿಹಿ ಬ್ರೆಡ್ಡು, ಮಕ್ಕಳ ಓಡಾಟ. ಅವನಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಮೊದಲು ಕಲ್ಲಿನ ಮೇಲೆ ಅವರ ಮುಖ ನೋಡಿದೆ. ಅದು ಸರಿಹೋಯಿತು. ಆಮೇಲೆ ಬಲಗಡೆ ನೋಡಿದೆ.

ಹೆದರಿಬಿಟ್ಟೆ, ಅಣ್ಣಾ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಆ ಹೊಳಪಿನಲ್ಲಿ ನನ್ನ ಮುಖ, ಮುಖದ ಮೇಲೆ ನನ್ನ ಹೆಸರು, ಆ ಗೆರೆ. ಯಾರೋ ಒಬ್ಬಳು ಆಗಲೇ ಒಳಗೆ ಹೋಗಿ ನಿಂತು ನನ್ನನ್ನು ಕರೆಯುತ್ತಿದ್ದ ಹಾಗೆ. "ಅವನೀ, ಕಾರು ತೆಗಿಯಮ್ಮ" ಅಂದೆ. "ಅಮ್ಮಾ, ಜಸ್ಟ್ ಟೂ ಮಿನಿಟ್ಸ್" ಅಂದಳು. "ತೆಗಿ ಅಂದೆ!" ಅಂತ ಗದರಿದೆ. ಮನೆ ಮಾರುವುದನ್ನೂ ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಪಾದ್ರಿ ಬಂದುಬಿಟ್ಟರು. ಹೊಸಬರು, ಚಿಕ್ಕ ವಯಸ್ಸು, ನನ್ನನ್ನು ಕಂಡವರಲ್ಲ. ಹಿಂದೆ ಹತ್ತಿಪ್ಪತ್ತು ಜನ ಹಾಡುವವರು. ಹೇಗೆ ನಡುವೆ ಹೊರಡುವುದು? ನಿಂತೆ. ಧೂಪ ಹಾಕಿದರು. ನಿನ್ನ ಅಚ್ಚುಕಟ್ಟಾದ ಚೀಟಿ ತೆಗೆದರು. "ಓರೆಸ್ತ್" ಅಂದರು. ತೀರಿಕೊಂಡವರಿಗೆ ಹಾಡುವ ಹಾಡು ಹಾಡಿದರು, ಇವರ ನೆನಪು ಎಂದೆಂದಿಗೂ ಇರಲಿ ಅಂತ. ಆಮೇಲೆ ಇನ್ನೊಂದು ಸಲ ಚೀಟಿ ನೋಡಿ, ತಡವರಿಸಿ, ನನ್ನ ಹೆಸರು ಓದಿ, ಅದೇ ಹಾಡು ಮತ್ತೆ ಎತ್ತಿಕೊಂಡರು!

ಗುರುತು ಪರಿಚಯವಿಲ್ಲದ ಇಪ್ಪತ್ತು ಜನ ಕಣ್ಣು ಮುಚ್ಚಿಕೊಂಡು ನನ್ನನ್ನು ಕಳಿಸಿಕೊಡುತ್ತಿದ್ದಾರೆ, ಜಯಣ್ಣ. ಅಷ್ಟು ಚೆನ್ನಾಗಿ! ನನಗೆ ಏನಾಯಿತೋ, ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಎತ್ತುತ್ತಿದ್ದೆವಲ್ಲ, ಹಾಗೆ ಕೈಯೆತ್ತಿಬಿಟ್ಟೆ. ಎತ್ತಿ, ಇಡೀ ಸ್ಮಶಾನಕ್ಕೆ ಕೇಳುವ ಹಾಗೆ, "ಇದ್ದೀನಿ ಕಣ್ರೀ! ಇಲ್ಲೇ ಇದ್ದೀನಿ!" ಅಂದೆ. ಕನ್ನಡದಲ್ಲೇ.

ಹಾಡು ನಿಂತಿತು. ಪಾದ್ರಿ ಚೀಟಿ ನೋಡಿದರು, ಕಲ್ಲು ನೋಡಿದರು, ನನ್ನನ್ನು ನೋಡಿದರು. ಅವನಿ "ಓ ಮೈ ಗಾಡ್, ಮಾವ" ಅಂತ ಹಣೆ ಚಚ್ಚಿಕೊಂಡಳು. ಸ್ಟೆಫಾನಿಯಾ ಮುಂದೆ ಬಂದು ಅವರ ಭಾಷೆಯಲ್ಲಿ ಏನೋ ಹೇಳಿದಳು, ನನ್ನ ತೋಳು ಹಿಡಿದು ಅಲ್ಲಾಡಿಸಿ ತೋರಿಸಿದಳು, ಬಿಸಿಯಾಗಿದೆ ನೋಡಿ ಅಂತಲೋ ಏನೋ. ಮೊದಲು ಯಾರೋ ಒಬ್ಬರು ಕಿಸಕ್ ಅಂದರು. ಆಮೇಲೆ ಎಲ್ಲರೂ. ಪಾದ್ರಿಯಂತೂ ಕಿವಿಯವರೆಗೆ ಕೆಂಪು. ನಾನೂ ನಗುತ್ತಿದ್ದೆ, ಅಳುತ್ತಲೂ ಇದ್ದೆ, ಯಾವುದು ಯಾವುದು ಅಂತ ತಿಳಿಯಲಿಲ್ಲ.

ಆಗ ಸ್ಟೆಫಾನಿಯಾ ಬೇರೆ ಹಾಡು ಶುರು ಮಾಡಿದಳು. ಅವನಿಯ ಪ್ರತಿ ಹುಟ್ಟುಹಬ್ಬಕ್ಕೂ ಅವಳಪ್ಪ ಹಾಡುತ್ತಿದ್ದರಲ್ಲ, 'ಬಹಳ ವರ್ಷ, ಬಹಳ ವರ್ಷ' ಅನ್ನುವುದು. ಬದುಕಿರುವವರಿಗೆ ಮಾತ್ರ ಹಾಡುವಂಥದ್ದು. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಅಕ್ಕಪಕ್ಕದ ಗೋರಿಯವರೂ ಊಟ ಬಿಟ್ಟು ಎದ್ದು ಬಂದರು. ಕೊನೆಗೆ ಪಾದ್ರಿಯೂ ದನಿಗೂಡಿಸಿದರು. ಅವರ ಕಲ್ಲಿನೆದುರು, ನನ್ನ ಕಲ್ಲಿನೆದುರು, ನನ್ನ ಕಡೆ ತಿರುಗಿ ನಿಂತು ಅಷ್ಟೂ ಜನ ನನಗೆ ಬಹಳ ವರ್ಷ ಹಾಡಿದರು. ನನ್ನ ಮಗಳಿಗೆ ಎರಡನೇ ಸಾಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅಲ್ಲೇ ಮೇಜುಬಟ್ಟೆ ಹಾಸಿ ಊಟ ಮಾಡಿದೆವು. ನಾನು ಬಲಗಡೆ ಕೂತೆ, ಕಲ್ಲಿಗೆ ಒರಗಿ. ಬೆನ್ನಿಗೆ ಬಿಸಿಲು ಕಾದು ಹಿತವಾಗಿತ್ತು.

ಮೇ ಆರರ ಟಿಕೆಟ್ ಕ್ಯಾನ್ಸಲ್ ಮಾಡಿದೆ. ದೇವಮ್ಮಕ್ಕನಿಗೆ ಹೇಳಿದೆ. ಸ್ಪೀಕರ್ ಹಾಕಿಕೊಂಡೇ ಇಪ್ಪತ್ತು ನಿಮಿಷ ಬೈದಳು, ಕೊನೆಗೆ, "ಆ ಹಾಡು ಒಂದ್ಸಲ ಹಾಡೇ ನೋಡೋಣ" ಅಂದಳು.

ಇನ್ನು ಆ ಚೀಟಿಯ ವಿಷಯ. ಯೋಚನೆ ಮಾಡದೆ ಎರಡೂ ಹೆಸರು ಬರೆದೆಯೋ, ಬೇಕೂಂತಲೇ ಬರೆದೆಯೋ ಅಂತ ಅವನಿ ನಿನ್ನೆಯಿಂದ ಕೇಳುತ್ತಿದ್ದಾಳೆ. ನನಗೆ ಮಾತ್ರ ಹೇಳಬೇಡ. ಮರೆವಾದರೆ ನಿನ್ನನ್ನು ಬೈಯಬೇಕಾಗುತ್ತದೆ, ತರಲೆಯಾದರೆ ಕಾಲಿಗೆ ಬೀಳಬೇಕಾಗುತ್ತದೆ, ನನ್ನ ಹೊಸ ಮಂಡಿ ಇನ್ನೂ ಬಗ್ಗುವುದಿಲ್ಲ.

ಚಿತ್ರಾ